ಒಂದು ಕ್ಯಾಸೆಟ್, ಐದು ಮುದ್ದೆ, ಅಣ್ಣಾವ್ರ ಸಿನಿಮಾ

ಮೊದಲು ಒಂದು ಪ್ರಶ್ನೆ. ಎದೆ ಮುಟ್ಟಿಕೊಂಡು ಉತ್ತರ ಹೇಳಿ. ಕಳೆದ ಸಲ ಸೆಕೆಂಡ್ ಶೋಗೆ ಹೋದಾಗ ನಿಮ್ಮ ಹೊಟ್ಟೆಯಲ್ಲಿ ಏನಿತ್ತು?

ಗೊತ್ತು ಬಿಡಿ! ಒಂದು ಬನ್ನು, ಒಂದು ಬೈ ಟೂ ಕಾಫಿ. ಇಂಟರ್‌ವಲ್‌ನಲ್ಲಿ ಒಂದು ಪೊಟ್ಟಣ ಕಡಲೆಕಾಯಿ ಬೀಜ. ತೆರೆಯ ಮೇಲೆ ಹೀರೋ ವಿಲನ್ನಿಗೆ ಒದೆಯೋದು ಒಂದು ಕಡೆ, ಹೊಟ್ಟೆಯೊಳಗೆ ಹಸಿವು ನಿಮಗೆ ಒದೆಯೋದು ಇನ್ನೊಂದು ಕಡೆ. ಕ್ಲೈಮ್ಯಾಕ್ಸಿಗೆ ಹೊತ್ತಾಗುವಷ್ಟರಲ್ಲಿ ನಾಯಕಿ ಬದುಕಿದಳೋ ಸತ್ತಳೋ ಅನ್ನೋದಕ್ಕಿಂತ ಹೊರಗೆ ಇಡ್ಲಿ ಗಾಡಿ ಇದೆಯೋ ಹೋಯಿತೋ ಅನ್ನೋದೇ ದೊಡ್ಡ ಸಸ್ಪೆನ್ಸ್!

ನಾನೂ ಹಾಗೇ ಇದ್ದವನೇ. 1984ರಲ್ಲಿ ಮಾಗಡಿ ಸೀಮೆಯ ಒಂದು ಹಳ್ಳಿಯಿಂದ ಐಟಿಐ ಸರ್ಟಿಫಿಕೇಟು ಹಿಡಿದು ಬೆಂಗಳೂರಿಗೆ ಬಂದೆ. ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಕೆಲಸ. ಶ್ರೀರಾಮಪುರದಲ್ಲಿ ರೂಮು. ಅಲ್ಲಿಂದ ಕೆಂಪೇಗೌಡ ರಸ್ತೆಗೆ ನಡೆದೇ ಹೋಗಬಹುದು. ಸಾಗರ್, ಅಲಂಕಾರ್, ಕಪಾಲಿ, ಸ್ಟೇಟ್ಸ್... ಆ ಸುತ್ತಮುತ್ತಲ ಜಾಗ ನಮಗೆ ತಿರುಪತಿ, ಧರ್ಮಸ್ಥಳ ಎಲ್ಲ ಆಗಿತ್ತು. ಇವತ್ತು ಆ ಸಾಗರ್ ಇಲ್ಲ, ಅಲಂಕಾರ್ ಇಲ್ಲ, ನಾವು ಕಂಡ ಆ ಹಳೇ ಕಪಾಲಿಯೂ ಇಲ್ಲ. ಆದರೆ ಅಂದು ಹಸಿದ ಹೊಟ್ಟೆಯಲ್ಲಿ ಕ್ಯೂ ನಿಂತಿದ್ದು ಮಾತ್ರ ಇನ್ನೂ ನೆನಪಿದೆ.

ಇಷ್ಟು ಪೀಠಿಕೆ ಯಾಕೆ ಅಂದ್ರೆ, ಈ ವಾರ ನಾನು ಯಾವ ತಾರೆಯ ಮದುವೆ ಸುದ್ದಿಯನ್ನೂ ಬರೆಯುತ್ತಿಲ್ಲ. ಸಿನಿಮಾ ನೋಡುವ ರಾತ್ರಿ ಮನೆಯಲ್ಲೇ ಮಾಡಿ ಉಣ್ಣುವ ಊಟದ ಬಗ್ಗೆ ಬರೆಯುತ್ತಿದ್ದೇನೆ. 'ಏನ್ ಗುರೂ, ಅಡುಗೆ ಪುಸ್ತಕ ಶುರು ಮಾಡ್ದಾ?' ಅಂತ ನಗಬೇಡಿ. ಪೂರ್ತಿ ಓದಿ. ಈ ಅಡುಗೆಯೊಳಗೊಂದು ಕಥೆ ಇದೆ, ಕಥೆಯೊಳಗೆ ಅಣ್ಣಾವ್ರು ಇದ್ದಾರೆ.

ವೀಡಿಯೋ ರಾತ್ರಿಗಳು

ಈಗಿನ ತಮ್ಮಂದಿರಿಗೆ ಗೊತ್ತಿರಲಿಕ್ಕಿಲ್ಲ. ಆಗ ಸಿನಿಮಾ ಕೈಯಲ್ಲಿರುವ ಫೋನಿನಲ್ಲಿ ಬರುತ್ತಿರಲಿಲ್ಲ. ಆಟೋದಲ್ಲಿ ಬರುತ್ತಿತ್ತು! ಬೀದಿ ಮೂಲೆಯ ವೀಡಿಯೋ ಅಂಗಡಿಯವನು ಒಂದು ಕಲರ್ ಟಿವಿ, ಒಂದು ವಿಸಿಆರ್, ಎರಡೋ ಮೂರೋ ಕ್ಯಾಸೆಟ್ಟು, ಎಲ್ಲ ಸೇರಿಸಿ ಒಂದು ರಾತ್ರಿಗೆ ಬಾಡಿಗೆಗೆ ಕೊಡೋನು. ಟಿವಿಯನ್ನು ಮಗು ಎತ್ತಿಕೊಂಡ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಆಟೋದಲ್ಲಿ ತರಬೇಕು. ಬೆಳಗಾದರೆ ವಾಪಸ್ಸು. ದುಡ್ಡು ಕೊಟ್ಟಿದ್ದೀವಲ್ಲ ಅಂತ ಬೆಳಕು ಹರಿಯುವವರೆಗೆ ಕಣ್ಣು ಕೆಂಪಗೆ ಮಾಡ್ಕೊಂಡು ನೋಡೋದು.

ನಮ್ಮ ರೂಮಿನಲ್ಲಿ ನಾಲ್ಕು ಜನ. ನಾನು, ಒಬ್ಬ ಹಾಸನದವನು, ಒಬ್ಬ ದಾವಣಗೆರೆಯವನು, ಒಬ್ಬ ಮಂಗಳೂರಿನವನು. ಅಡುಗೆಗೆ ಒಂದೇ ಒಂದು ಪಂಪ್ ಸ್ಟೌವು. ವಾರದ ಆರು ದಿನ ಅನ್ನ, ತಿಳಿಸಾರು. ಏಳನೇ ದಿನ ಹೋಟೆಲು. ಸಂಬಳದಲ್ಲಿ ರೂಮಿನ ಬಾಡಿಗೆ ಹೋಗಿ ಉಳಿದದ್ದು ಹೋಟೆಲಿಗೆ ಅರ್ಧ, ಟಿಕೆಟ್ಟಿಗೆ ಅರ್ಧ. ಊರಿಗೆ? ಊರಿಗೆ ಏನೂ ಕಳಿಸುತ್ತಿರಲಿಲ್ಲ. ಇದನ್ನು ಯಾಕೆ ಹೇಳಿದೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಖಾಲಿ ಕೈಯಲ್ಲಿ ಬಂದ ಅಪ್ಪ

1988ರ ಜನವರಿ. ಬುಧವಾರ ಸಂಜೆ ಕೆಲಸ ಮುಗಿಸಿ ಬಂದರೆ ರೂಮಿನ ಮೆಟ್ಟಿಲ ಮೇಲೆ ನಮ್ಮಪ್ಪ ಕೂತಿದ್ದಾನೆ! ಹೆಗಲ ಮೇಲೆ ಒಂದು ಟವಲ್ಲು, ಅಷ್ಟೇ. ಬ್ಯಾಗಿಲ್ಲ, ಚೀಲವಿಲ್ಲ.

ಜನವರಿ ಅಂದ್ರೆ ನಮ್ಮ ಮಾಗಡಿ ಕಡೆ ಅವರೆಕಾಯಿ ಸುಗ್ಗಿ. ಆ ತಿಂಗಳಲ್ಲಿ ಅಪ್ಪ ಬೆಂಗಳೂರಿಗೆ ಬಂದ ಅಂದ್ರೆ ಭುಜದ ಮೇಲೆ ಒಂದು ಮೂಟೆ ಅವರೆಕಾಯಿ ಇರಲೇಬೇಕು. ಬಸ್ಸಿಳಿದು ನಡೆದು ಬರುತ್ತಿದ್ದರೆ ಸೊಗಡಿನ ವಾಸನೆ ಮೊದಲು ಬರೋದು, ಅಪ್ಪ ಆಮೇಲೆ! ಅಂಥವನು ಖಾಲಿ ಕೈಯಲ್ಲಿ ಬಂದಿದ್ದ. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಇಪ್ಪತ್ತೆರಡರ ಹುಡುಗನಿಗೆ ಅಪ್ಪನ ಮುಖ ನೋಡುವ ಅಭ್ಯಾಸ ಎಲ್ಲಿರುತ್ತೆ ಸ್ವಾಮಿ? ಪೋಸ್ಟರಿನ ಮುಖ ನೋಡಿಯೇ ರೂಢಿ.

'ಏನಪ್ಪಾ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ?'

'ಸುಮ್ಕೆ ಬಂದೆ ಕಣ್ಲಾ. ನೋಡಂಗಾಯ್ತು.'

ಅಷ್ಟೇ ಮಾತು. ಬುಧವಾರ ರಾತ್ರಿ ಹೋಟೆಲಿಗೆ ಕರೆದುಕೊಂಡು ಹೋದೆ. ಎರಡು ತುತ್ತು ತಿಂದು ಕೈ ತೊಳೆದ. 'ಹೋಟ್ಲು ಅನ್ನ ಹೊಟ್ಟೆಗೆ ಹತ್ತಕಿಲ್ಲ' ಅಂದ. ಗುರುವಾರವೂ ಅದೇ. ಶುಕ್ರವಾರ ನಮ್ಮ ಹಾಸನದವನು ನನ್ನನ್ನು ಪಕ್ಕಕ್ಕೆ ಕರೆದು, 'ಲೋ, ನಿಮ್ಮಪ್ಪ ಊಟಾನೇ ಮಾಡ್ತಿಲ್ವಲ್ಲೋ. ನಾಳೆ ಹೆಂಗೂ ಶನಿವಾರ, ಅರ್ಧ ದಿನ ಕೆಲಸ. ವೀಡಿಯೋ ತರೋಣ, ಮುದ್ದೆ ಮಾಡೋಣ' ಅಂದ. ಆ ಪುಣ್ಯಾತ್ಮ ಎಲ್ಲಿದ್ದರೂ ಚೆನ್ನಾಗಿರಲಿ.

ಯಾವ ಕ್ಯಾಸೆಟ್ಟು ಅಂತ ಚರ್ಚೆಯೇ ಆಗಲಿಲ್ಲ. ನಮ್ಮಪ್ಪನಿಗೆ ಪ್ರಾಣ ಅಂದ್ರೆ ಪ್ರಾಣ 'ಬಂಗಾರದ ಮನುಷ್ಯ'. ನಾನು ಒಂಬತ್ತು ವರ್ಷದವನಿದ್ದಾಗ ನಮ್ಮೂರ ಪಕ್ಕದ ಟೆಂಟಿಗೆ ಅದು ಬಂದಿತ್ತು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ್ದ. ನಾನು ನಿದ್ದೆ ಹೋದೆನಂತೆ. ಅಪ್ಪ ಮಾತ್ರ ಮರುದಿನವೂ ಹೋದ, ಅದರ ಮರುದಿನವೂ ಹೋದ.

ನೆನಪಿಲ್ಲದವರಿಗೆ ಎರಡು ಮಾತು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. 1972ರಲ್ಲಿ ತೆರೆ ಕಂಡು ಇದೇ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಚಿತ್ರ. ಆ ಟಾಕೀಸೇ ಆಮೇಲೆ ಭೂಮಿಕಾ ಆಯಿತು. ಪಟ್ಟಣದಿಂದ ಅಕ್ಕನ ಊರಿಗೆ ಬಂದ ರಾಜೀವ, ಭಾವ ತೀರಿಕೊಂಡ ಮನೆಗೆ ತಾನೇ ಹೆಗಲಾಗಿ ನಿಂತು ಬಂಜರು ನೆಲದಲ್ಲಿ ಬಂಗಾರ ಬೆಳೆಯುವ ಕಥೆ. ಆ ಚಿತ್ರ ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಹಳ್ಳಿಗೆ ಬೇಸಾಯಕ್ಕೆ ಹೋದರು ಅನ್ನೋದು ನಾಡಿಗೆಲ್ಲ ಗೊತ್ತಿರೋ ಮಾತು.

ಶಂಕರಣ್ಣನ ಪಿಚ್ಚರಿಗೆ ಹಿತಕಿದ ಬೇಳೆ

ಈಗ ಅಡುಗೆ ವಿಷಯಕ್ಕೆ ಬರೋಣ. ಶುಕ್ರವಾರ ಸಂಜೆ ಶ್ರೀರಾಮಪುರದ ಮಾರ್ಕೆಟ್ಟಿಗೆ ಅಪ್ಪನ್ನೂ ಕರೆದುಕೊಂಡು ಹೋದೆ. ಮಾಗಡಿ ರೈತ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಅವರೆಕಾಯಿ ಕೊಳ್ಳೋದು! ಅಪ್ಪ ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದ. 'ಇದು ನಮ್ ಕಡೇದೇ' ಅಂದ. ಮುಖ ಒಂದು ಕ್ಷಣ ಅರಳಿತು, ಹಾಗೇ ಬಾಡಿತು.

ಐದು ಜನಕ್ಕೆ ಮೂರು ಕೆಜಿ ಕಾಯಿ. ರಾತ್ರಿ ಎಲ್ಲರೂ ಕೂತು ಕಾಳು ಬಿಡಿಸಿ ನೀರಲ್ಲಿ ನೆನೆಹಾಕಿದೆವು. ಬೆಳಗ್ಗೆ ಹೊತ್ತಿಗೆ ಕಾಳು ಉಬ್ಬಿ ಸಿಪ್ಪೆ ಸಡಿಲವಾಗಿರುತ್ತೆ. ಆಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಒಂದೊಂದೇ ಕಾಳು ಹಿಡಿದು ಹಿತುಕಿದರೆ ಬೇಳೆ ಪುಳಕ್ಕಂತ ಆಚೆ ಹಾರುತ್ತೆ. ಅದೇ ಹಿತಕಿದ ಬೇಳೆ.

ಇದು ಬೇಜಾರಿನ ಕೆಲಸ ಅಂತ ಹೆಂಗಸರೆಲ್ಲ ಬೈತಾರೆ. ಆದರೆ ಮಿತ್ರರೇ, ಸಿನಿಮಾ ನೋಡುತ್ತಾ ಮಾಡೋದಕ್ಕೆ ಇದಕ್ಕಿಂತ ಒಳ್ಳೇ ಕೆಲಸ ಭೂಮಿ ಮೇಲಿಲ್ಲ! ಕಣ್ಣು ಬೇಡ, ಬುದ್ಧಿ ಬೇಡ, ಎರಡು ಬೆರಳು ಸಾಕು. ಶನಿವಾರ ಮಧ್ಯಾಹ್ನ ಮೂರಕ್ಕೆ ಟಿವಿ ಬಂತು. ಮೊದಲ ಕ್ಯಾಸೆಟ್ 'ಆಟೋ ರಾಜ'. 1980ರ ಚಿತ್ರ, ನಮ್ಮ ಶಂಕರ್‌ನಾಗ್! ತೆರೆ ಮೇಲೆ ಶಂಕರಣ್ಣ, ಕೆಳಗೆ ನಾವು ಐದು ಜನ ಪಾತ್ರೆ ಸುತ್ತ ಕೂತು ಹಿತುಕೋದು. ಫೈಟಿಂಗ್ ಬಂದಾಗ ಕೈ ತಾನೇ ಜೋರಾಗೋದು. ಮಂಗಳೂರಿನವನು ಹಾರಿಸಿದ ಬೇಳೆ ಹೋಗಿ ಟಿವಿ ಪರದೆಗೇ ಅಂಟಿಕೊಂಡಿತು. ಅಪ್ಪ ಬಂದ ಮೇಲೆ ಮೊದಲ ಸಲ ನಕ್ಕ.

ಚಿತ್ರ ಮುಗಿಯೋ ಹೊತ್ತಿಗೆ ಬೇಳೆಯೂ ಮುಗಿದಿತ್ತು. ಸಾರಿನ ಲೆಕ್ಕ ಹೀಗೆ. ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಬೆರಳುದ್ದ ಶುಂಠಿ ಎಣ್ಣೆಯಲ್ಲಿ ಬಾಡಿಸಿ. ಅದಕ್ಕೆ ಅರ್ಧ ಹೋಳು ತೆಂಗಿನ ತುರಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಒಂದು ಚಮಚ ಗಸಗಸೆ, ಒಂದು ತುಂಡು ಚಕ್ಕೆ, ಎರಡು ಲವಂಗ, ಖಾರಕ್ಕೆ ತಕ್ಕ ಸಾರಿನ ಪುಡಿ ಸೇರಿಸಿ ನುಣ್ಣಗೆ ರುಬ್ಬಿ. ಸಾಸಿವೆ, ಕರಿಬೇವು ಒಗ್ಗರಣೆ ಕೊಟ್ಟು ಬೇಳೆಯನ್ನು ಅದರಲ್ಲೇ ಎರಡು ನಿಮಿಷ ಹುರಿದು, ರುಬ್ಬಿದ ಮಸಾಲೆ ಹಾಕಿ, ಹಸಿ ವಾಸನೆ ಹೋದ ಮೇಲೆ ನೀರು, ಉಪ್ಪು. ಬೇಳೆ ಬೆರಳಿಗೆ ಮೆತ್ತಗೆ ಸಿಗುವ ತನಕ, ಸುಮಾರು ಇಪ್ಪತ್ತು ನಿಮಿಷ, ಸಣ್ಣ ಉರಿ. ಜಾಸ್ತಿ ಬೇಯಿಸಿದರೆ ಕರಗಿ ಗಂಜಿ ಆಗುತ್ತೆ, ಜೋಕೆ! ನಮ್ಮ ರೂಮಿನಲ್ಲಿ ರುಬ್ಬುವ ಕಲ್ಲಿರಲಿಲ್ಲ. ಕೆಳಗಡೆ ಮನೆ ಅಮ್ಮನವರ ಕಲ್ಲು. ರುಬ್ಬಿಕೊಟ್ಟದ್ದಕ್ಕೆ ಅವರಿಗೂ ಒಂದು ಪಾತ್ರೆ ಸಾರು ಹೋಯಿತು.

ಮುದ್ದೆಗೆ ಕೈ ಹಾಕಿ ಕೆಟ್ಟೆ

ಸಾರು ಮೊದಲೇ ಮಾಡಿಡಬಹುದು, ಹೊತ್ತು ಹೋದಷ್ಟೂ ರುಚಿ. ಮುದ್ದೆ ಹಾಗಲ್ಲ. ಬಿಸಿ ಆರಿದರೆ ಕಲ್ಲು. ಆದ್ದರಿಂದ ಆರೂವರೆಗೆ 'ಬಂಗಾರದ ಮನುಷ್ಯ' ಹಾಕಿ, ಒಂಬತ್ತಕ್ಕೆ ನಿಲ್ಲಿಸಿ ಮುದ್ದೆ ತೊಳಸಿ, ತಟ್ಟೆ ಹಿಡಿದುಕೊಂಡು ಉಳಿದ ಭಾಗ ನೋಡೋದು ಅಂತ ಪ್ಲಾನು.

ಎರಡೂವರೆ ಗಂಟೆ ಅಪ್ಪ ಅಲುಗಾಡಲಿಲ್ಲ. ರಾಜೀವ ಕಲ್ಲು ನೆಲ ಅಗೆಯುವಾಗ ಅಪ್ಪನ ಕೈ ಮುಷ್ಟಿ ಕಟ್ಟಿತ್ತು. ಬಾಲಣ್ಣನ ರಾಚೂಟಪ್ಪ ಬಂದಾಗ ಮಾತ್ರ ತುಟಿಯಂಚಲ್ಲಿ ನಗು.

ಒಂಬತ್ತಕ್ಕೆ ನಿಲ್ಲಿಸಿ ನಾನು ಸ್ಟೌವ್ ಹತ್ತಿಸಿದೆ. ಮುದ್ದೆ ಉಣ್ಣೋದರಲ್ಲಿ ನಾನು ಗಟ್ಟಿಗ, ಮಾಡಿದ್ದು ಅದೇ ಮೊದಲು. ನೀರು ಕುದಿಯಿತು, ಹಿಟ್ಟು ಸುರಿದೆ, ತಕ್ಷಣ ಕೋಲು ಹಾಕಿ ತಿರುಗಿಸಿದೆ. ಆಯಿತಲ್ಲ! ಗೋಲಿ ಗಾತ್ರದ ಗಂಟುಗಳು. ದಾವಣಗೆರೆಯವನು ಬಗ್ಗಿ ನೋಡಿ, 'ಇದೇನಲೇ, ಮುದ್ದಿ ಅಂದಿ, ಉಂಡಿ ಮಾಡೀಯಲ್ಲ!' ಅಂದ.

ಅಪ್ಪ ಎದ್ದು ಬಂದ. ನನ್ನ ಕೈಯಿಂದ ಕೋಲು ಕಿತ್ತುಕೊಂಡ. 'ಸರ್ಕೊ ಅತ್ಲಾಗೆ.'

ಆ ಪಾತ್ರೆ ಪಕ್ಕಕ್ಕಿಟ್ಟು ಹೊಸದಾಗಿ ಶುರು. ಅಪ್ಪನ ಕ್ರಮ ಹೇಳ್ತೀನಿ, ಬರೆದಿಟ್ಟುಕೊಳ್ಳಿ. ಒಂದು ಅಳತೆ ಹಿಟ್ಟಿಗೆ ಎರಡು ಅಳತೆ ನೀರು. ತಣ್ಣೀರಿನಲ್ಲೇ ಒಂದು ಚಮಚ ಹಿಟ್ಟು ಕದಡಿ ಕುದಿಯಕ್ಕೆ ಇಡಬೇಕು. ಚೆನ್ನಾಗಿ ಮಳ್ಳಿದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಹಾಕಬೇಕು. ಹಾಕಿದ ಮೇಲೆ ಕೋಲು ಮುಟ್ಟಬಾರದು! ಐದು ನಿಮಿಷ ಸಣ್ಣ ಉರಿಯಲ್ಲಿ ಹಾಗೇ ಬಿಡಬೇಕು. ಸುತ್ತ ನೀರು ಕುದಿದು ಗುಡ್ಡೆಯ ಮೇಲೆ ಉಕ್ಕಿ ಬರುತ್ತೆ. ಆಗ ಪಾತ್ರೆ ಇಳಿಸಿ, ಗೋಣಿ ಬಟ್ಟೆ ಮೇಲೆ ಇಟ್ಟು, ಅಲುಗದ ಹಾಗೆ ಹಿಡಿದು, ಕೋಲಿನಿಂದ ಪಾತ್ರೆ ಅಂಚಿಗೆ ಒತ್ತಿ ಒತ್ತಿ ತೊಳಸಬೇಕು. ಮತ್ತೆ ಎರಡು ನಿಮಿಷ ಉರಿಗೆ. ಆಮೇಲೆ ಒದ್ದೆ ಹಲಗೆ ಮೇಲೆ ಹಾಕಿ, ಕೈ ನೀರಲ್ಲಿ ಅದ್ದಿಕೊಂಡು ಉಂಡೆ ಕಟ್ಟೋದು.

ಅಮ್ಮ ಹೋದ ಮೇಲೆ ಅಪ್ಪ ಕಲಿತ ವಿದ್ಯೆ ಅದು. ಐದು ಮುದ್ದೆ, ಐದೂ ಒಂದೇ ಗಾತ್ರ, ಗಂಟಿಲ್ಲ, ಬಿರುಕಿಲ್ಲ. ನಡುವೆ ಗುಳಿ ಮಾಡಿ ತುಪ್ಪ ಬಿಟ್ಟೆವು. ಸಾರು ಬಡಿಸಿದೆವು. ಹಾಸನದವನು ಪ್ಲೇ ಒತ್ತಿದ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಸಿನಿಮಾ ನೋಡುತ್ತಾ ಉಣ್ಣೋದಕ್ಕೆ ಮುದ್ದೆಯಂಥ ಊಟ ಇನ್ನೊಂದಿಲ್ಲ. ಅಗಿಯೋ ಹಾಗಿಲ್ಲ, ನುಂಗೋದು. ಆದ್ದರಿಂದ ಸದ್ದಿಲ್ಲ, ಒಂದೇ ಒಂದು ಡೈಲಾಗೂ ತಪ್ಪೋದಿಲ್ಲ! ನಮ್ಮ ದಾವಣಗೆರೆಯವನು ಮಾತ್ರ ರೊಟ್ಟಿ ಅಂತ ತಿಳಿದು ಅಗಿದು ಅಗಿದು ಹಲ್ಲಿಗೆ ಮೆತ್ತಿಕೊಂಡು ಒದ್ದಾಡಿದ.

ಆ ಸೀನು

ಚಿತ್ರ ನೋಡಿದವರಿಗೆ ಗೊತ್ತು. ಕೊನೆಗೆ ಹತ್ತಿರ ಬಂದಾಗ ರಾಜೀವ ಊಟಕ್ಕೆ ಕೂತಿರುತ್ತಾನೆ. ತಾನೇ ಸಾಕಿ, ಓದಿಸಿ, ದೊಡ್ಡವನನ್ನಾಗಿ ಮಾಡಿದ ಅಕ್ಕನ ಮಗ ಎದುರು ನಿಂತು ಚುಚ್ಚಿ ಮಾತಾಡುತ್ತಾನೆ. ರಾಜೀವ ಎದುರು ಮಾತಾಡುವುದಿಲ್ಲ. ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾನೆ. ಅಣ್ಣಾವ್ರ ಆ ಮುಖ! ಟಾಕೀಸಿನಲ್ಲಿ ಅಳದ ಗಂಡಸಿರಲಿಲ್ಲ.

ನಾವೂ ಐದು ಜನ ತಟ್ಟೆ ಮುಂದೆ. ತೆರೆಯ ಮೇಲೂ ಊಟ, ಕೆಳಗೂ ಊಟ. ರಾಜೀವ ಎದ್ದ. ನನ್ನ ಪಕ್ಕದಲ್ಲಿ ಅಪ್ಪನ ಕೈ ನಿಂತಿತು. ಅರ್ಧ ಮುದ್ದೆ ಹಾಗೇ ಇದೆ. ತಟ್ಟೆ ಮುಂದಕ್ಕೆ ತಳ್ಳಿ ಅಪ್ಪನೂ ಎದ್ದ. ಕೈ ತೊಳೆದು ತಾರಸಿ ಮೆಟ್ಟಿಲು ಹತ್ತಿದ.

ಅಣ್ಣಾವ್ರ ಆಕ್ಟಿಂಗಿಗೆ ಅಳು ಬಂದಿರಬೇಕು ಅಂದುಕೊಂಡೆ. ಎರಡು ನಿಮಿಷ ಆದರೂ ಬರಲಿಲ್ಲ. ಹಾಸನದವನು ಪಾಸ್ ಬಟನ್ ಒತ್ತಿ ಚಿತ್ರ ನಿಲ್ಲಿಸಿ, 'ಹೋಗಿ ನೋಡೋ' ಅಂದ.

ತಾರಸಿಯಲ್ಲಿ ಜನವರಿ ಚಳಿ. ಅಪ್ಪ ಟವಲ್ಲು ಹೊದ್ದು ನೀರಿನ ತೊಟ್ಟಿಗೆ ಒರಗಿ ನಿಂತಿದ್ದ.

'ಏನಪ್ಪಾ?'

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ನಾನೂ ಹಿಂಗೇ ಎದ್ದು ಬಂದೆ ಕಣ್ಲಾ. ಬುಧವಾರ ಮಧ್ಯಾನ, ಉಣ್ಣಕ್ಕೆ ಕೂತಿದ್ದೆ.'

ವಿಷಯ ಇಷ್ಟು. 'ಬಂಗಾರದ ಮನುಷ್ಯ' ಮೂರು ಸಲ ನೋಡಿ ಬಂದ ಅಪ್ಪ ಅದೇ ವರ್ಷ ಸಾಲ ಮಾಡಿ ಹೊಲದಲ್ಲಿ ಬಾವಿ ತೋಡಿಸಿದ್ದ. ನೀರು ಬಂತು. ಹತ್ತಿರ ಹತ್ತಿರ ಹತ್ತು ವರ್ಷ ಚೆನ್ನಾಗೇ ಇತ್ತು. 1985ರ ಸುಮಾರಿಗೆ ಮಳೆ ಕೈಕೊಟ್ಟಿತು, ಬಾವಿ ಬತ್ತಿತು. ಆಳ ಮಾಡಿಸಲು ಮತ್ತೊಂದು ಸಾಲ. ನೀರು ಬರಲಿಲ್ಲ, ಸಾಲ ಉಳಿಯಿತು. ಕಂತು ಕಟ್ಟುತ್ತಿದ್ದವನು ನಮ್ಮಣ್ಣ ಒಬ್ಬನೇ. ಆ ಬುಧವಾರ ಬ್ಯಾಂಕಿನಿಂದ ನೋಟೀಸು ಬಂದಿತ್ತು. ಅಣ್ಣ ಊಟದ ಹೊತ್ತಿನಲ್ಲಿ ಅಂದುಬಿಟ್ಟ: 'ಸಿನಿಮಾ ನೋಡಿ ಬಾವಿ ತೋಡ್ದೋನು ನೀನು. ಸಾಲ ತೀರ್ಸೋನು ನಾನು.'

ಅಪ್ಪ ತಟ್ಟೆ ಬಿಟ್ಟೆದ್ದ. ಸೀದಾ ಬಸ್ ಹತ್ತಿದ.

ನನಗೆ ಗಂಟಲು ಕಟ್ಟಿತು. ಊರಿರೋದು ಚಲನಚಿತ್ರವೇ ಆಗಿದ್ದರೆ ಅಣ್ಣನನ್ನು ವಿಲನ್ ಅಂತ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅಣ್ಣ ವಿಲನ್ ಅಲ್ಲ. ಮೂರು ವರ್ಷದಿಂದ ಒಬ್ಬನೇ ಕಂತು ಕಟ್ಟಿದವನು. ಅದೇ ಮೂರು ವರ್ಷ ನಾನು ಏನು ಮಾಡುತ್ತಿದ್ದೆ? ವಾರಕ್ಕೆ ಎರಡು ಸಿನಿಮಾ, ಒಂದು ಹೋಟೆಲೂಟ!

'ಬಾವಿ ತೋಡಿದ್ದು ತಪ್ಪಾಯ್ತಾ ಅಪ್ಪಾ?' ಅಂದೆ.

'ಯಾಕ್ ತಪ್ಪಾದದು? ಆ ನೀರಲ್ಲೇ ನೀನು ಓದಿದ್ದು. ನಿಮ್ಮಣ್ಣನ ಮದ್ವೆ ಆಗಿದ್ದು.' ಸ್ವಲ್ಪ ತಡೆದು, 'ರಾಜೀವಪ್ಪ ಎದ್ದು ಹೋದೋನು ತಿರುಗಿ ಬರ್ನಿಲ್ಲ. ಅದು ಸಿನಿಮಾ. ದೊಡ್ ಮನುಷ್ಯ, ಹೋದ. ನಾನೆಲ್ಲಿಗ್ಲಾ ಹೋಗ್ಲಿ?' ಅಂದ.

ಅದಕ್ಕೆ ಏನು ಹೇಳಬೇಕು ಅಂತ ಯಾವ ಸಿನಿಮಾವೂ ನನಗೆ ಕಲಿಸಿರಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

'ಅಪ್ಪಾ, ಮುದ್ದೆ ಆರ್ತದೆ. ಬಾ.'

ಕೆಳಗೆ ಬಂದೆವು. ಮೂವರೂ ತಟ್ಟೆ ಮುಟ್ಟದೆ ಕೂತಿದ್ದರು. ಆ ವಿಸಿಆರ್‌ಗಳಲ್ಲಿ ಒಂದು ಗುಣವಿತ್ತು. ಪಾಸ್ ಒತ್ತಿ ನಾಲ್ಕೈದು ನಿಮಿಷ ಬಿಟ್ಟರೆ ಟೇಪು ಸವೆಯಬಾರದು ಅಂತ ಯಂತ್ರವೇ ನಿಂತುಹೋಗುತ್ತಿತ್ತು. ಅದು ಹಾಗೆ ನಿಂತು ಪರದೆ ಖಾಲಿಯಾಗಿತ್ತು. ಯಾರೂ ಮತ್ತೆ ಹಾಕಿರಲಿಲ್ಲ. ದಾವಣಗೆರೆಯವನು ಎದ್ದು ಬಿಸಿ ಸಾರು ತಂದು ಅಪ್ಪನ ತಟ್ಟೆಗೆ ಬಡಿಸಿ, 'ಉಣ್ರೀ ಯಜಮಾನ್ರ' ಅಂದ. ಅಪ್ಪ ಕೂತ. ಅರ್ಧ ಮುದ್ದೆ ಮುಗಿಸಿ, ಇನ್ನರ್ಧ ಹಾಕಿಸಿಕೊಂಡ. ಆಮೇಲೆಯೇ ಹಾಸನದವನು ಪ್ಲೇ ಒತ್ತಿದ್ದು. ರಾಜೀವ ಹೊರಟುಹೋದ. ನಮ್ಮಪ್ಪ ಕೈ ತೊಳೆದು ಗೋಡೆಗೆ ಒರಗಿ ಕೂತು ಪೂರ್ತಿ ನೋಡಿದ.

ಭಾನುವಾರ ಅಪ್ಪನ ಜೊತೆ ಊರಿಗೆ ಹೋದೆ. ಅತ್ತಿಗೆ ಮಾತಿಲ್ಲದೆ ತಟ್ಟೆ ಇಟ್ಟರು. ಅಣ್ಣ ಬಾಗಿಲ ಹತ್ತಿರ ನಿಂತಿದ್ದವನು ಒಳಗೆ ಹೋಗಿ ಸಾರಿನ ಪಾತ್ರೆ ತಂದು ತಾನೇ ಅಪ್ಪನಿಗೆ ಬಡಿಸಿದ. ಯಾರೂ ಕ್ಷಮೆ ಕೇಳಲಿಲ್ಲ. ನಮ್ಮ ಕಡೆ ಕೇಳುವ ರೂಢಿಯೂ ಇಲ್ಲ. ಆ ತಿಂಗಳಿಂದ ಕಂತಿನಲ್ಲಿ ಅರ್ಧ ನನ್ನದಾಯಿತು. ವಾರಕ್ಕೆರಡು ಟಾಕೀಸು ಹೋಗಿ ತಿಂಗಳಿಗೊಂದು ವೀಡಿಯೋ ರಾತ್ರಿ ಬಂತು, ಹೋಟೆಲು ಹೋಗಿ ರೂಮಿನ ಮುದ್ದೆ ಬಂತು. ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷದಲ್ಲಿ ನಾನು ಒಳ್ಳೇ ಅಡುಗೆಯವನಾದೆ!

ನಿಮಗಾಗಿ ಒಂದಿಷ್ಟು ಜೋಡಿ

ಅನುಭವದಿಂದ ಹೇಳ್ತೀನಿ, ಯಾವ ಚಿತ್ರಕ್ಕೆ ಯಾವ ಊಟ ಅನ್ನೋದು ಜಾತಕ ಕೂಡಿಸಿದ ಹಾಗೆ.

'ಕಸ್ತೂರಿ ನಿವಾಸ' (1971): ದಯವಿಟ್ಟು ಊಟ ಮುಗಿಸಿಕೊಂಡೇ ನೋಡಿ. ಮನೆಗೆ ಬಂದವರಿಗೆ ಊಟ ಹಾಕಲು ಸಾಕಿದ ಪಾರಿವಾಳವನ್ನೇ ಮಾರುವ ಮನುಷ್ಯನ ಕಥೆ. ತಟ್ಟೆ ಮುಂದಿಟ್ಟುಕೊಂಡು ನೋಡಿದರೆ ತುತ್ತು ಇಳಿಯೋದಿಲ್ಲ. ಬೇಗ ಆಗುವ ಮೊಸರನ್ನ, ಉಪ್ಪಿನಕಾಯಿ ಸಾಕು. 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದ್ದರು.

'ಬಾವರ್ಚಿ' (1972): ಹೃಷಿಕೇಶ್ ಮುಖರ್ಜಿ ನಿರ್ದೇಶನ, ಜಗಳಗಂಟ ಮನೆಗೆ ಅಡುಗೆಯವನಾಗಿ ಬರುವ ರಾಜೇಶ್ ಖನ್ನಾ. ಇದನ್ನೇ ನಮ್ಮ ಸುದೀಪ್ 2007ರಲ್ಲಿ 'ನಂ. 73, ಶಾಂತಿನಿವಾಸ' ಮಾಡಿದರು. ಇದಕ್ಕೆ ಬಿಸಿಬೇಳೆಬಾತ್. ಒಬ್ಬ ಬೇಳೆ, ಒಬ್ಬ ತರಕಾರಿ, ಒಬ್ಬ ಪುಡಿ, ಕೆಲಸ ಹಂಚಿಕೊಂಡರೇ ಚೆನ್ನ.

'ಗಣೇಶನ ಮದುವೆ' (1990): ಅನಂತ್‌ನಾಗ್, ವಠಾರದ ಗಲಾಟೆ, ನಕ್ಕು ನಕ್ಕು ಹೊಟ್ಟೆಹುಣ್ಣು. ಸಾರು ಗೀರು ಬೇಡ, ನಗುವಾಗ ಚೆಲ್ಲುತ್ತೆ. ಚಿತ್ರಾನ್ನ, ಆಲೂಗಡ್ಡೆ ಬೋಂಡ.

'ಲಂಚ್‌ಬಾಕ್ಸ್' (2013): ಮುಂಬಯಿಯ ಡಬ್ಬಾವಾಲನ ಕೈ ತಪ್ಪಿ ಯಾರದೋ ಊಟ ಇನ್ಯಾರಿಗೋ ಸೇರುವ ಕಥೆ. ಇರ್ಫಾನ್ ಖಾನ್ ಡಬ್ಬಿ ಬಿಚ್ಚಿ ಮೂಸಿ ನೋಡುವುದನ್ನು ನೋಡುತ್ತಾ ಸುಮ್ಮನೆ ಕೂರಲಾಗದು. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ, ಡಬ್ಬಿಯಲ್ಲೇ ತುಂಬಿಡಿ. ನೀವೂ ಅವನ ಜೊತೆಗೇ ಬಿಚ್ಚಿ.

'ಮಾಯಾಬಜಾರ್' (1957): ಮದುವೆ ಊಟವನ್ನೆಲ್ಲ ಒಬ್ಬನೇ ಬಾಚಿ ತಿನ್ನುವ ಘಟೋತ್ಕಚ, ಎಸ್.ವಿ. ರಂಗರಾವ್! ಭಾಷೆ ತೆಲುಗಾದರೂ ಹಸಿವಿಗೆ ಭಾಷೆ ಇಲ್ಲ. ಇದಕ್ಕೆ ಒಂದು ಸಿಹಿ ಇರಲೇಬೇಕು. ರವೆ ಉಂಡೆ ಮೊದಲೇ ಮಾಡಿಡಿ.

'ತಿಥಿ' ಮಾತ್ರ ಈ ಪಟ್ಟಿಯಲ್ಲಿಲ್ಲ. ಅದು ಬಾಡೂಟದ ಚಿತ್ರ. ನಮ್ಮ ಅವರೆಕಾಳಿಗೆ ಅಲ್ಲಿ ಮರ್ಯಾದೆ ಸಿಗೋದಿಲ್ಲ!

ಕೊನೆಗೊಂದು ಮಾತು

ಟಾಕೀಸು ಟಾಕೀಸೇ. ಆ ಶಿಳ್ಳೆ, ಆ ಚಿಲ್ಲರೆ ತೂರಾಟ ರೂಮಿನಲ್ಲಿ ಬರೋದಿಲ್ಲ. ಹೊಸ ಚಿತ್ರಗಳನ್ನು ಅಲ್ಲಿಗೇ ಹೋಗಿ ನೋಡಿ. ಆದರೆ ಟಾಕೀಸಿನಲ್ಲಿ ಒಂದು ಆಗದ ಕೆಲಸವಿದೆ. ಪಕ್ಕದವನು ಎದ್ದು ಹೋದರೆ ಅವನಿಗಾಗಿ ಅಲ್ಲಿ ಚಿತ್ರ ನಿಲ್ಲುವುದಿಲ್ಲ. ಮನೆಯಲ್ಲಿ ನಿಲ್ಲಿಸಬಹುದು. ತಿಂಗಳಿಗೊಂದು ಸಲ ಅಪ್ಪನನ್ನೋ, ಅಣ್ಣನನ್ನೋ, ಮಾತು ಬಿಟ್ಟ ಗೆಳೆಯನನ್ನೋ ಕೂರಿಸಿಕೊಂಡು, ಕೈಯಾರೆ ಮಾಡಿ ಬಡಿಸಿ, ಒಂದು ಚಿತ್ರ ನೋಡಿ. ಯಾವ ಸೀನಿನಲ್ಲಿ ಯಾರ ಕೈ ತಟ್ಟೆಯಲ್ಲಿ ನಿಲ್ಲುತ್ತೆ ಅಂತಲೂ ಸ್ವಲ್ಪ ನೋಡಿ.

ಅಪ್ಪ 1999ರಲ್ಲಿ ಹೋದ. ಅಣ್ಣಾವ್ರು 2006ರಲ್ಲಿ. ಬಾವಿ ಹಾಗೇ ಇದೆ, ನೀರಿಲ್ಲ, ಒಳಗೆ ಒಂದು ಅತ್ತಿ ಗಿಡ ಬೆಳೆದಿದೆ. ಪ್ರತಿ ಜನವರಿ ನಾನು ಊರಿಗೆ ಹೋಗ್ತೀನಿ. ಅಣ್ಣನ ಮೊಮ್ಮಕ್ಕಳು ಬೇಳೆ ಹಿತುಕುತ್ತಾರೆ, ನಾನು ಮುದ್ದೆ ತೊಳಸ್ತೀನಿ, ದೊಡ್ಡ ಟಿವಿಯಲ್ಲಿ 'ಬಂಗಾರದ ಮನುಷ್ಯ' ಹಾಕ್ತೀವಿ.

ಆ ಸೀನು ಬಂದಾಗ ರಿಮೋಟ್ ತೆಗೆದುಕೊಂಡು ನಿಲ್ಲಿಸುವವನು ನಮ್ಮಣ್ಣ. ಎಪ್ಪತ್ತು ದಾಟಿದೆ, ಕೈ ಸ್ವಲ್ಪ ನಡುಗುತ್ತೆ. ಏನೂ ಮಾತಾಡೋದಿಲ್ಲ. ಎಲ್ಲರ ತಟ್ಟೆ ಖಾಲಿಯಾಗುವ ತನಕ ಕಾಯುತ್ತಾನೆ. ಆಮೇಲೆ, 'ಊಂ, ಇನ್ ಹಾಕ್ಲಾ' ಅಂತ ರಿಮೋಟು ನನ್ನ ಕೈಗೆ ಕೊಡುತ್ತಾನೆ.